ಹಳೆಯ ಪಾಪ್ ತಂಡದ ನೇರ ಕಾರ್ಯಕ್ರಮಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಳೆಯ ವಯಸ್ಸಿನಲ್ಲಿ ಕ್ಯಾಸೆಟ್ಟಿನಲ್ಲೋ ರೇಡಿಯೋದಲ್ಲೋ ಕೇಳಿ ಮನಸ್ಸಿಗೆ ಹಚ್ಚಿಕೊಂಡ ಪಾಪ್ ತಂಡವೊಂದು ಇನ್ನೂ ವೇದಿಕೆ ಏರುತ್ತಿದೆ ಎಂದು ತಿಳಿದಾಗ ಅಭಿಮಾನಿಗೆ ಸಂತೋಷದ ಬೆನ್ನಿಗೇ ಒಂದಿಷ್ಟು ಅಳುಕೂ ಹುಟ್ಟುತ್ತದೆ. ಅವರ ದನಿ ಹಾಗೆಯೇ ಉಳಿದಿದೆಯೇ, ಹಳೆಯ ಹಾಡುಗಳನ್ನು ಹಾಡುತ್ತಾರೆಯೇ, ಈ ವಯಸ್ಸಿನಲ್ಲಿ ನಾನು ಮೂರು ಗಂಟೆ ನಿಲ್ಲಬಲ್ಲೆನೇ ಎಂಬಂಥ ಪ್ರಶ್ನೆಗಳನ್ನು ಮೊದಲ ಸಲ ಹೊರಟವರು ತಪ್ಪದೆ ಕೇಳುತ್ತಾರೆ. ನಾನೂ ನನ್ನ ಅಕ್ಕನೂ ಇಂಥದೊಂದು ಸಂಜೆಗೆ ಹೋಗಿ ಬಂದ ಮೇಲೆ ಪರಿಚಿತರಿಗೆ ಹೇಳಿ ಹೇಳಿ ರೂಢಿಯಾದ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಅಲ್ಲಲ್ಲಿ ನನ್ನ ಸ್ವಂತ ಅಭಿಪ್ರಾಯವೂ ಬೆರೆತಿದೆ.

ಎಷ್ಟು ವರ್ಷವಾದರೆ ತಂಡವನ್ನು ‘ಹಳೆಯದು’ ಎನ್ನಬಹುದು?

ಅದಕ್ಕೆ ನಿಯಮವೇನೂ ಇಲ್ಲ. ಬೀಚ್ ಬಾಯ್ಸ್ ತಂಡ 1961ರಲ್ಲಿ, ರೋಲಿಂಗ್ ಸ್ಟೋನ್ಸ್ 1962ರಲ್ಲಿ, ಡ್ಯುರಾನ್ ಡ್ಯುರಾನ್ 1978ರಲ್ಲಿ, ಪೆಟ್ ಶಾಪ್ ಬಾಯ್ಸ್ 1981ರಲ್ಲಿ, ಬ್ಯಾಕ್‌ಸ್ಟ್ರೀಟ್ ಬಾಯ್ಸ್ 1993ರಲ್ಲಿ ಹುಟ್ಟಿದವು. ಇವುಗಳಲ್ಲಿ ರೋಲಿಂಗ್ ಸ್ಟೋನ್ಸ್ ತಂಡವನ್ನು ರಾಕ್ ಎನ್ನುವುದೇ ಹೆಚ್ಚು ಸರಿಯಾದರೂ ಅದರ ಅಭಿಮಾನಿ ಎದುರಿಸುವ ಪ್ರಶ್ನೆಗಳು ಬೇರೆಯಲ್ಲ. ಹಾಡು ಹೊರಬಂದಾಗ ನಿಮಗಿದ್ದ ವಯಸ್ಸು ಈಗ ನಿಮ್ಮ ಮಕ್ಕಳಿಗಿದೆ ಎಂದಾದರೆ ಆ ತಂಡವನ್ನು ಹಳೆಯದೆಂದೇ ಎಣಿಸಬಹುದು.

ಮೂಲ ಸದಸ್ಯರೆಲ್ಲರೂ ವೇದಿಕೆಯ ಮೇಲೆ ಇರುತ್ತಾರೆಯೇ?

ಬಹುಮಟ್ಟಿಗೆ ಇರುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲು ಈಗಿನ ಸದಸ್ಯರು ಯಾರು ಎಂದು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ತಂಡದ ಹೆಸರು ಒಬ್ಬರ ಕೈಯಲ್ಲಿದ್ದು ಹಾಡುಗಳು ಇನ್ನೊಬ್ಬರ ನೆನಪಿಗೆ ಅಂಟಿಕೊಂಡಿರುವುದು ಈ ಲೋಕದಲ್ಲಿ ಸಾಮಾನ್ಯ. ಬೀಚ್ ಬಾಯ್ಸ್ ತಂಡವನ್ನೇ ನೋಡಿ: ಮೂಲ ಸದಸ್ಯರಲ್ಲಿ ಒಬ್ಬರಾದ ಕಾರ್ಲ್ ವಿಲ್ಸನ್ 1998ರಲ್ಲಿ ತೀರಿಕೊಂಡ ಮೇಲೆ ಆ ಹೆಸರಿನಲ್ಲಿ ಪ್ರವಾಸ ಮಾಡುವ ಪರವಾನಗಿ ಇನ್ನೊಬ್ಬ ಮೂಲ ಸದಸ್ಯ ಮೈಕ್ ಲವ್ ಅವರಿಗೆ ಸಿಕ್ಕಿತು, ಆ ತಂಡದ ಹೆಸರಾಂತ ಹಾಡುಗಳಲ್ಲಿ ಹೆಚ್ಚಿನವಕ್ಕೆ ರಾಗ ಕಟ್ಟಿದ ಬ್ರಯಾನ್ ವಿಲ್ಸನ್ ಬಹುಕಾಲ ತಮ್ಮ ಸ್ವಂತ ಹೆಸರಿನಲ್ಲೇ ಹಾಡುತ್ತಿದ್ದರು.

ಸಾವು ಮತ್ತು ಅನಾರೋಗ್ಯ ತರುವ ಬದಲಾವಣೆಗಳು ಬೇರೆ ಬಗೆಯವು. ರೋಲಿಂಗ್ ಸ್ಟೋನ್ಸ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್ 2021ರ ಆಗಸ್ಟ್‌ನಲ್ಲಿ ನಿಧನರಾದಾಗ ಸ್ಟೀವ್ ಜೋರ್ಡನ್ ಆ ಜಾಗದಲ್ಲಿ ಕುಳಿತು ಪ್ರವಾಸ ಮುಂದುವರಿಸಿದರು. ಜೆನೆಸಿಸ್ ತಂಡದ ಕೊನೆಯ ಪ್ರವಾಸದಲ್ಲಿ ಅದರ ಗಾಯಕನೂ ಡ್ರಮ್ಮರನೂ ಆದ ಫಿಲ್ ಕಾಲಿನ್ಸ್ ಡ್ರಮ್ ನುಡಿಸುವ ಸ್ಥಿತಿಯಲ್ಲಿರಲಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಹಾಡಿದರು, ಬೆನ್ನ ಹಿಂದೆ ಡ್ರಮ್ ನುಡಿಸಿದವರು ಅವರ ಮಗ ನಿಕ್. ಇಂಥ ಸಂಗತಿಗಳನ್ನು ಮೊದಲೇ ತಿಳಿದುಕೊಂಡು ಹೋದವರಿಗೆ ಮೊದಲ ಹಾಡಿನಲ್ಲೇ ಎದೆ ಧಸಕ್ಕೆನ್ನುವುದು ತಪ್ಪುತ್ತದೆ. ಹೊಸಬರನ್ನು ‘ಬದಲಿ ಆಳು’ ಎಂಬ ಕಣ್ಣಿನಿಂದ ನೋಡುವ ಅಭಿಮಾನಿಗಳೂ ಇದ್ದಾರೆ. ಹದಿನೈದು ಇಪ್ಪತ್ತು ವರ್ಷಗಳಿಂದ ಅದೇ ಹಾಡುಗಳನ್ನು ನುಡಿಸುತ್ತಿರುವ ‘ಹೊಸಬ’ನಿಗೆ ಆ ಹಾಡಿನ ಸಂದುಗೊಂದುಗಳು ಮೂಲ ಸದಸ್ಯನಷ್ಟೇ ಗೊತ್ತಿರುತ್ತವೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಾಯಕರ ದನಿ ರೆಕಾರ್ಡಿನಲ್ಲಿದ್ದಂತೆಯೇ ಇರುತ್ತದೆಯೇ?

ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ವಯಸ್ಸಾದಂತೆ ಧ್ವನಿತಂತುಗಳ ಸ್ನಾಯು ತೆಳುವಾಗುತ್ತದೆ, ಅವುಗಳ ಹಿಗ್ಗುವ ಗುಣ ಕುಂದುತ್ತದೆ, ಗಂಟಲಿನ ಮೃದ್ವಸ್ಥಿ ಗಟ್ಟಿಯಾಗುತ್ತದೆ, ಶ್ವಾಸಕೋಶದ ಕಸುವು ಇಳಿದು ಒಂದೇ ಉಸಿರಿನಲ್ಲಿ ಎಳೆಯಬಹುದಾಗಿದ್ದ ಸಾಲು ಎರಡು ತುಂಡಾಗುತ್ತದೆ. ಎಲ್ಲಕ್ಕಿಂತ ಮೊದಲು ಕೈಕೊಡುವುದು ತಾರಸ್ಥಾಯಿ. ಇಪ್ಪತ್ತೈದರ ಹರೆಯದಲ್ಲಿ, ಮುಂದೊಂದು ದಿನ ಅರವತ್ತೈದರಲ್ಲೂ ಇದನ್ನೇ ಹಾಡಬೇಕಾಗುತ್ತದೆ ಎಂಬ ಯೋಚನೆಯಿಲ್ಲದೆ ಕಟ್ಟಿದ ರಾಗಗಳಿವು. ಪಲ್ಲವಿಯ ತುದಿಯಲ್ಲಿ ದನಿ ಮುಟ್ಟಬಹುದಾದ ಅತ್ಯಂತ ಎತ್ತರದ ಸ್ವರವನ್ನು ಇಡುವುದು ಆ ಕಾಲದ ಪಾಪ್ ಹಾಡಿನ ಚಟವೇ ಆಗಿತ್ತು.

ರೆಕಾರ್ಡಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾವು ಕೇಳಿ ಬೆಳೆದ ಆ ದನಿ ಸ್ಟುಡಿಯೋದಲ್ಲಿ ಹಲವು ಸಲ ಹಾಡಿಸಿ, ಒಂದೊಂದು ಸಲದಿಂದ ಒಂದೊಂದು ಒಳ್ಳೆಯ ಸಾಲನ್ನು ಆಯ್ದು ಜೋಡಿಸಿದ್ದು. ಅದರ ಮೇಲೆ ಅದೇ ಗಾಯಕ ಅದೇ ಸಾಲನ್ನು ಮತ್ತೊಮ್ಮೆ ಹಾಡಿದ್ದನ್ನು ಹೊದಿಸಿ ದನಿಯನ್ನು ದಪ್ಪಗೊಳಿಸಿರುತ್ತಾರೆ. ಹಾಗಾಗಿ ಹರೆಯದಲ್ಲಿ ಕೂಡ ಆ ತಂಡ ವೇದಿಕೆಯ ಮೇಲೆ ರೆಕಾರ್ಡಿನಂತೆ ಕೇಳಿಸಿರಲಾರದು. ನಾವು ಹೋಲಿಸುತ್ತಿರುವುದು ನಿನ್ನೆಯ ಗಾಯಕನನ್ನು ಇಂದಿನ ಗಾಯಕನೊಂದಿಗೆ ಎಂದುಕೊಂಡಿದ್ದರೆ, ಹೋಲಿಕೆ ನಡೆಯುತ್ತಿರುವುದು ಯಂತ್ರ ಕಟ್ಟಿಕೊಟ್ಟ ದನಿಗೂ ಮನುಷ್ಯನ ಗಂಟಲಿಗೂ ನಡುವೆ.

ನುರಿತ ಗಾಯಕರು ಈ ಕೊರತೆಯನ್ನು ದಾಟುವ ಬಗೆಗಳನ್ನು ಗಮನಿಸುವುದೇ ಇಂಥ ಸಂಜೆಯ ದೊಡ್ಡ ಸುಖ ಎಂದು ನನಗೆ ಅನ್ನಿಸುತ್ತದೆ. ನಾವು ಹೋಗಿದ್ದ ಕಾರ್ಯಕ್ರಮದಲ್ಲಿ ನಮ್ಮ ಸೀಟು ಬದಿಯ ಮೇಲಂತಸ್ತಿನಲ್ಲಿತ್ತು, ವೇದಿಕೆಯ ಒಳಭಾಗವೆಲ್ಲ ಕೆಳಗೆ ಕಾಣುತ್ತಿತ್ತು. ಎಲ್ಲರೂ ಕಾದಿದ್ದ ಹಾಡಿನಲ್ಲಿ, ಪಲ್ಲವಿಯ ಎತ್ತರದ ಸ್ವರಕ್ಕೆ ಇನ್ನು ಒಂದೇ ಸಾಲು ಇದೆ ಎನ್ನುವಾಗ ಗಾಯಕ ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದು ಎಡಕ್ಕೆ ಮುಖ ತಿರುಗಿಸಿದರು. ಸಹಗಾಯಕಿಯ ಭುಜ ಉಸಿರೆಳೆದು ಮೇಲೇರಿತು. ಎತ್ತರದ ಸ್ವರ ಆಕೆಯದು, ಅದರ ಕೆಳಗಿನ ಒತ್ತಾಸೆಯ ಸ್ವರ ಅವರದು. ಎರಡೂ ಕೂಡಿ ಎಷ್ಟು ಸಲೀಸಾಗಿ ಹೊಮ್ಮಿದವೆಂದರೆ ಕೆಳಗೆ ನಿಂತ ಜನಕ್ಕೆ ಗಾಯಕರೇ ಅದನ್ನು ಮುಟ್ಟಿದಂತೆ ಕೇಳಿಸಿತು. ಕೊನೆಯ ಸಲ ಪಲ್ಲವಿ ಬಂದಾಗ ಅವರು ಮೈಕನ್ನು ಜನರ ಕಡೆಗೆ ಚಾಚಿದರು. ಇದನ್ನು ಕೆಲವರು ಸೋಮಾರಿತನ ಎನ್ನುತ್ತಾರೆ. ಎರಡು ಗಂಟೆಯ ಕಾರ್ಯಕ್ರಮವನ್ನು ದನಿ ಒಡೆಯದಂತೆ ದಡ ಮುಟ್ಟಿಸಬೇಕಾದ ಮನುಷ್ಯ ಎಲ್ಲಿ ಕಸುವು ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂದು ಹಾಕುವ ಲೆಕ್ಕ ಅದು.

ಹಾಡಿನ ಶ್ರುತಿ ಇಳಿಸಿರುತ್ತಾರೆ ಎನ್ನುತ್ತಾರೆ. ಹಾಗೆಂದರೇನು?

ಮೂಲದಲ್ಲಿ ಯಾವ ಶ್ರುತಿಯಲ್ಲಿ ಹಾಡಿದ್ದರೋ ಅದಕ್ಕಿಂತ ಕೆಳಗಿನ ಶ್ರುತಿಯಲ್ಲಿ ಇಡೀ ಹಾಡನ್ನು ನುಡಿಸುವುದು. ಕಪ್ಪು ಬಿಳಿ ಎರಡನ್ನೂ ಎಣಿಸಿದರೆ ಕೀಬೋರ್ಡಿನಲ್ಲಿ ಒಂದು ಕೀ ಎಡಕ್ಕೆ ಸರಿದಷ್ಟು ಇಳಿಸುವುದು ಮೊದಲ ಹಂತ. ಕಂಪನಗಳ ಲೆಕ್ಕದಲ್ಲಿ ಅದು ಸುಮಾರು ಶೇಕಡಾ 6ರಷ್ಟು ಇಳಿಕೆ. ಗಿಟಾರಿನ ತಂತಿಗಳನ್ನು ಅಷ್ಟೇ ಸಡಿಲಿಸಿಬಿಟ್ಟರೆ ಬೆರಳುಗಳು ಹಳೆಯ ಜಾಗದಲ್ಲೇ ಆಡಬಹುದಾದ್ದರಿಂದ ವಾದಕರಿಗೂ ಹೊಸದಾಗಿ ಕಲಿಯುವ ತಾಪತ್ರಯವಿಲ್ಲ. ಎರಡು ಮೂರು ಕೀ ಇಳಿಸುವ ತಂಡಗಳೂ ಉಂಟು.

ಹೆಚ್ಚಿನ ಕೇಳುಗರಿಗೆ ಇದು ಇಳಿದಿದೆ ಎಂದು ನೇರವಾಗಿ ಗೊತ್ತಾಗುವುದಿಲ್ಲ. ಹಾಡು ಯಾಕೋ ಸ್ವಲ್ಪ ಭಾರವಾಗಿದೆ, ಬಣ್ಣ ಗಾಢವಾಗಿದೆ ಎನ್ನಿಸುತ್ತದೆ, ಅಷ್ಟೇ. ಸಭಿಕರಿಗೆ ಇದರಿಂದ ಒಂದು ಲಾಭವೂ ಇದೆ: ಜೊತೆಗೆ ಹಾಡುವ ನಮ್ಮ ಗಂಟಲಿಗೂ ವಯಸ್ಸಾಗಿದೆ.

ಎಲ್ಲವನ್ನೂ ಅಲ್ಲಿಯೇ ನುಡಿಸುತ್ತಾರೋ, ಮೊದಲೇ ಮುದ್ರಿಸಿದ್ದನ್ನು ಹಾಕುತ್ತಾರೋ?

ಎರಡೂ ಇರುತ್ತದೆ. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ಎಂಬ ವಾದ್ಯದ ಮೇಲೆ ನಿಂತ ಎಂಬತ್ತರ ದಶಕದ ಪಾಪ್ ಸಂಗೀತ ಹುಟ್ಟುವಾಗಲೇ ಯಂತ್ರದ ತಾಳವನ್ನು ಬಳಸಿದ್ದರಿಂದ, ಅಂಥ ತಂಡದ ವೇದಿಕೆಯಲ್ಲಿ ಕೆಲವು ಪದರಗಳು ಕಂಪ್ಯೂಟರಿನಿಂದ ಬರುವುದನ್ನು ಮೋಸ ಎನ್ನಲಾಗದು. ಹಾಗೆ ಬರುವಾಗ ಡ್ರಮ್ಮರನ ಕಿವಿಯಲ್ಲಿ ಟಕ್ ಟಕ್ ಎಂಬ ಎಣಿಕೆಯ ಸದ್ದು ಓಡುತ್ತಿರುತ್ತದೆ. ಇಡೀ ತಂಡ ಅದಕ್ಕೆ ಕಟ್ಟುಬಿದ್ದಿರುತ್ತದೆ. ಮುಖ್ಯ ಗಾಯಕನ ದನಿಯನ್ನೇ ಮುದ್ರಿಸಿಟ್ಟುಕೊಂಡು ತುಟಿ ಆಡಿಸುವುದು ಮಾತ್ರ ಬೇರೆಯ ವಿಷಯ, ಅದನ್ನು ನಾನು ಒಪ್ಪಲಾರೆ. ದನಿ ಒಮ್ಮೆಯಾದರೂ ತಡವರಿಸಿದರೆ, ಪದವೊಂದು ತಪ್ಪಿ ಗಾಯಕ ನಕ್ಕರೆ, ಹಾಡುತ್ತಿರುವುದು ನಿಜವೆಂದು ಅಭಿಮಾನಿ ನೆಮ್ಮದಿಯಿಂದ ಇರಬಹುದು.

ಅವರ ಕಿವಿಯಲ್ಲಿ ಇಟ್ಟುಕೊಂಡಿರುವುದು ಶ್ರವಣ ಸಾಧನವೇ?

ಅಲ್ಲ, ಅದು ಇನ್-ಇಯರ್ ಮಾನಿಟರ್. ತಾನು ಹಾಡುತ್ತಿರುವುದು, ಉಳಿದವರು ನುಡಿಸುತ್ತಿರುವುದು ಎಲ್ಲವೂ ತನಗೆ ಬೇಕಾದ ಪ್ರಮಾಣದಲ್ಲಿ ಬೆರೆತು ಅದರಲ್ಲಿ ಕೇಳಿಸುತ್ತದೆ. ಹಿಂದೆ ಈ ಕೆಲಸವನ್ನು ಕಾಲ ಬಳಿ ಓರೆಯಾಗಿ ಇಟ್ಟ ಸ್ಪೀಕರುಗಳು ಮಾಡುತ್ತಿದ್ದವು, ಅದಕ್ಕೂ ಹಿಂದೆ ಏನೂ ಇರಲಿಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ 55 ಸಾವಿರಕ್ಕೂ ಹೆಚ್ಚು ಜನರ ಎದುರು ಹಾಡಿದಾಗ, 100 ವಾಟ್‌ನ ಆಂಪ್ಲಿಫೈಯರುಗಳೂ ಕ್ರೀಡಾಂಗಣದಲ್ಲಿ ಪ್ರಕಟಣೆಗೆಂದು ಇದ್ದ ಧ್ವನಿವರ್ಧಕಗಳೂ ಬಿಟ್ಟರೆ ಅವರಿಗೆ ಬೇರೆ ಗತಿಯಿರಲಿಲ್ಲ. ಜನರ ಕಿರುಚಾಟದ ನಡುವೆ ತಾವು ಹಾಡಿದ್ದು ತಮಗೇ ಕೇಳಿಸಲಿಲ್ಲ. ಮರುವರ್ಷದ ಆಗಸ್ಟ್‌ನಲ್ಲಿ ಅವರು ಪ್ರವಾಸ ಮಾಡುವುದನ್ನೇ ನಿಲ್ಲಿಸಿದರು.

ಜನರು ಒಟ್ಟಾಗಿ ಹಾಡತೊಡಗಿದಾಗ ಗಾಯಕ ಒಂದು ಕಿವಿಯದನ್ನು ಕಿತ್ತು ಹೆಗಲ ಮೇಲೆ ಇಳಿಬಿಡುವುದನ್ನು ನೋಡಿರುತ್ತೀರಿ. ಆ ಸಾಧನ ಹೊರಗಿನ ಸದ್ದನ್ನು ತಡೆಯುವುದರಿಂದ ನಮ್ಮ ಹಾಡು ಕೇಳಬೇಕೆಂದರೆ ಅವರು ಅದನ್ನು ತೆಗೆಯಲೇಬೇಕು.

ಎಲ್ಲಿ ನಿಂತರೆ ಅಥವಾ ಕುಳಿತರೆ ಒಳ್ಳೆಯದು?

ನಿಮಗೆ ಕೇಳುವುದು ಮುಖ್ಯವೋ, ನೋಡುವುದು ಮುಖ್ಯವೋ ಎಂಬುದರ ಮೇಲೆ ಇದು ನಿಂತಿದೆ. ಸಭಿಕರ ನಡುವೆ, ವೇದಿಕೆಗೆ ಎದುರಾಗಿ, ಕಟಕಟೆ ಹಾಕಿದ ಜಾಗದಲ್ಲಿ ಸೌಂಡ್ ಎಂಜಿನಿಯರ್ ಮಿಕ್ಸರಿನ ಮುಂದೆ ನಿಂತಿರುತ್ತಾರೆ. ಅವರು ಎಲ್ಲವನ್ನೂ ಹದಗೊಳಿಸುವುದು ತಮ್ಮ ಕಿವಿಗೆ ಬೀಳುವುದನ್ನು ಆಧರಿಸಿ. ಆದ್ದರಿಂದ ಅವರ ಹಿಂದೆ ಮುಂದೆ ನಿಂತವರಿಗೆ ಸಿಗುವ ಸದ್ದೇ ಆ ರಾತ್ರಿಯ ಅತ್ಯುತ್ತಮ ಸದ್ದು. ತೀರ ಮುಂದೆ, ಕಟಕಟೆಗೆ ಆತುಕೊಂಡು ನಿಂತವರಿಗೆ ವೇದಿಕೆಯ ಬುಡದ ಸಬ್‌ವೂಫರ್‌ಗಳ ಮಂದ್ರ ಸದ್ದು ಎದೆಗೆ ಗುದ್ದುತ್ತದೆ, ಮಾತುಗಳು ಮಾತ್ರ ತಲೆಯ ಮೇಲಿಂದ ಹಾದು ಹೋಗುತ್ತವೆ. ಗೋಡೆಯ ಮೂಲೆಗಳಲ್ಲಿ ಮಂದ್ರ ಸದ್ದು ಗುಡ್ಡೆ ಬಿದ್ದು ಗುಂಯ್ ಎನ್ನುತ್ತದೆ.

ಬಯಲಿನಲ್ಲಿ ನಡೆಯುವ ದೊಡ್ಡ ಕಾರ್ಯಕ್ರಮಗಳಲ್ಲಿ ದೂರ ನಿಂತವರಿಗೆ ಇನ್ನೊಂದು ಸೋಜಿಗ ಕಾದಿರುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುವುದರಿಂದ, ವೇದಿಕೆಯಿಂದ 100 ಮೀಟರ್ ದೂರದಲ್ಲಿರುವವರಿಗೆ ಡ್ರಮ್ಮಿನ ಪೆಟ್ಟು ಕಣ್ಣಿಗೆ ಬಿದ್ದು ಸುಮಾರು ಮೂರನೇ ಒಂದು ಸೆಕೆಂಡಿನ ನಂತರ ಕಿವಿಗೆ ಬೀಳುತ್ತದೆ. ನಡುವೆ ನಿಲ್ಲಿಸಿದ ಗೋಪುರಗಳ ಮೇಲಿನ ಸ್ಪೀಕರುಗಳು ಮುಂದಿನ ಸದ್ದು ಅಲ್ಲಿಗೆ ತಲುಪುವ ಹೊತ್ತಿಗೆ ಸರಿಯಾಗಿ ನುಡಿಯಲೆಂದು ಅವುಗಳಿಗೆ ಹೋಗುವ ಸಂಕೇತವನ್ನು ಬೇಕೆಂದೇ ತಡಮಾಡಿ ಕಳಿಸುತ್ತಾರೆ. ಸಾವಿರಾರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರೂ ಅದು ಅಲೆಯಂತೆ ಹಿಂದಕ್ಕೆ ಸರಿಯುವುದು ಇದೇ ಕಾರಣಕ್ಕೆ. ಜನರಿಗೆ ತಾಳಜ್ಞಾನವಿಲ್ಲ ಎಂದಲ್ಲ.

ನನ್ನ ಆಯ್ಕೆಯನ್ನು ಕೇಳಿದರೆ ಬದಿಯ ಮೇಲಂತಸ್ತು. ಅಲ್ಲಿ ಶಬ್ದ ಅಷ್ಟಕ್ಕಷ್ಟೇ ಎಂಬುದು ನಿಜ. ಆದರೆ ತಂಡ ಕೆಲಸ ಮಾಡುವುದು ಅಲ್ಲಿಂದ ಕಾಣುವಷ್ಟು ಬೇರೆಲ್ಲಿಂದಲೂ ಕಾಣುವುದಿಲ್ಲ. ಗಾಯಕನ ಕಾಲ ಬಳಿ ಟೇಪು ಹಚ್ಚಿ ಅಂಟಿಸಿದ ಹಾಡುಗಳ ಪಟ್ಟಿಯಲ್ಲಿ ಅಕ್ಷರಗಳು ಎಷ್ಟು ದಪ್ಪವಾಗಿದ್ದವೆಂದರೆ ಸಾಲುಗಳನ್ನು ನಾನು ಮೇಲಿನಿಂದಲೇ ಎಣಿಸಬಲ್ಲವನಾಗಿದ್ದೆ. ಕೀಬೋರ್ಡ್ ವಾದಕ ಪ್ರತಿ ಹಾಡಿನ ಮೊದಲು ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿ, ಗುಂಡಿಯೊಂದನ್ನು ಒತ್ತಿ, ಮತ್ತೆ ಹಣೆಗೆ ಏರಿಸುತ್ತಿದ್ದರು. ದೀಪಗಳು ಅವರ ಮೇಲೆ ಬೀಳುವುದರೊಳಗೆ ಆ ಕೆಲಸ ಮುಗಿದಿರುತ್ತಿತ್ತು.

ಯಾವ ಹಾಡುಗಳನ್ನು ಹಾಡುತ್ತಾರೆ ಎಂದು ಮೊದಲೇ ನೋಡಿಕೊಳ್ಳಬೇಕೇ?

ಒಂದೇ ಪ್ರವಾಸದಲ್ಲಿ ದೀಪ, ಪರದೆಯ ಚಿತ್ರಗಳು, ಹಾಡುಗಳು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದು ಊರಿನ ಪಟ್ಟಿಗೂ ಇನ್ನೊಂದು ಊರಿನ ಪಟ್ಟಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ನೋಡಬೇಕೆಂದರೆ ಸುಲಭವಾಗಿ ಸಿಗುತ್ತದೆ. ನೋಡಬೇಡಿ ಎಂಬುದು ನನ್ನ ಸಲಹೆ. ಮೊದಲ ಎರಡು ಸ್ವರ ಕಿವಿಗೆ ಬಿದ್ದು, ಯಾವ ಹಾಡೆಂದು ಹೆಸರು ಹೊಳೆಯುವ ಮೊದಲೇ ಮೈ ಝುಮ್ಮೆನ್ನುವ ಆ ಅರೆಗಳಿಗೆಯನ್ನು ಪಟ್ಟಿ ನೋಡಿದವರು ಕೈಯಾರೆ ಕಳೆದುಕೊಳ್ಳುತ್ತಾರೆ. ನಿಮ್ಮ ಅತಿ ಪ್ರೀತಿಯ ಹಾಡನ್ನು ಹಾಡುವುದೇ ಇಲ್ಲವೇನೋ ಎಂಬ ಆತಂಕವಿದ್ದರೆ, ಅದೊಂದನ್ನೇ ಹುಡುಕಿ ನೋಡುವಂತೆ ಬೇರೆಯವರಿಗೆ ಹೇಳಿ. ನಮ್ಮಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು, ಅಕ್ಕ ಮೂರು ವಾರ ನನ್ನ ಮುಖವನ್ನೇ ಓದಲು ಯತ್ನಿಸುತ್ತಿದ್ದಳು.

ಹಳೆಯದನ್ನು ಕೇಳಲು ಬಂದರೆ ಹೊಸ ಹಾಡುಗಳನ್ನೇಕೆ ಹಾಡುತ್ತಾರೆ?

ಅವರು ಇನ್ನೂ ಹಾಡು ಕಟ್ಟುತ್ತಿರುವುದರಿಂದ. ಹೊಸ ಹಾಡು ಶುರುವಾದೊಡನೆ ನೀರು ತರಲು, ಶೌಚಾಲಯಕ್ಕೆ ಹೋಗಲು ಎದ್ದು ಹೊರಡುವ ಜನರನ್ನು ನೀವೂ ಕಾಣುತ್ತೀರಿ. ಒಂದು ಸಂಗತಿಯನ್ನು ಗಮನಿಸಿ: ಈಗಿನ ದನಿಗೆ ಒಪ್ಪುವಂತೆ, ಈಗಿನ ಉಸಿರಿನ ಅಳತೆಗೆ ಸರಿಯಾಗಿ ಕಟ್ಟಿದ್ದು ಆ ಹೊಸ ಹಾಡುಗಳನ್ನು ಮಾತ್ರ. ನಾವು ಕೇಳಿದ ಕಾರ್ಯಕ್ರಮದಲ್ಲಿ ಗಾಯಕ ಅತ್ಯಂತ ನಿರಾಳವಾಗಿ, ಯಾರ ನೆರವೂ ಇಲ್ಲದೆ, ಕಣ್ಣು ಮುಚ್ಚಿ ಹಾಡಿದ್ದು ಅರ್ಧ ಜನ ಎದ್ದು ಹೋಗಿದ್ದ ಅಂಥದೇ ಒಂದು ಹಾಡನ್ನು.

ಎಷ್ಟು ಹೊತ್ತಿಗೆ ಹೋಗಬೇಕು?

ಟಿಕೆಟ್ಟಿನ ಮೇಲೆ ಬಾಗಿಲು ತೆರೆಯುವ ಸಮಯವನ್ನು ಮಾತ್ರ ಮುದ್ರಿಸಿರುವುದು ಸಾಮಾನ್ಯ. ತಪಾಸಣೆಯ ಸಾಲು, ಮೊದಲಿಗೆ ಹಾಡುವ ಬೇರೆ ತಂಡ, ಅದಾದ ಮೇಲೆ ವೇದಿಕೆ ಬದಲಿಸುವ ಅರ್ಧ ಗಂಟೆ, ಇವೆಲ್ಲ ಕಳೆದು ನೀವು ಬಂದಿರುವ ತಂಡ ಕಾಣಿಸಿಕೊಳ್ಳಲು ಎರಡು ಗಂಟೆಯೇ ಹಿಡಿಯಬಹುದು. ನಿಲ್ಲುವ ಜಾಗದ ಟಿಕೆಟ್ ಕೊಂಡವರಿಗೆ ಮುಂದಿನ ಸಾಲು ಬೇಕಿದ್ದರೆ ಬೇಗ ಹೋಗದೆ ಗತ್ಯಂತರವಿಲ್ಲ. ಕಾಲು ನೋವಿನವರು ಸೀಟಿನ ಟಿಕೆಟ್ಟನ್ನೇ ಕೊಳ್ಳಬೇಕು. ಈ ವಿಷಯದಲ್ಲಿ ಹಳೆಯ ಹುಮ್ಮಸ್ಸನ್ನು ನಂಬಬಾರದು. ಹಾಗೆ ಕೊಂಡರೂ ಮೊದಲ ಹಿಟ್ ಹಾಡಿಗೆ ಮುಂದಿನ ಸಾಲಿನವರು ಎದ್ದು ನಿಂತರೆ ನೀವೂ ಏಳಲೇಬೇಕಾಗುತ್ತದೆ.

ಟಿಕೆಟ್ಟಿನ ಫೋಟೋ ಹಂಚಿಕೊಳ್ಳಬಹುದೇ?

ಬಾರ್‌ಕೋಡ್ ಕಾಣುವಂತಿದ್ದರೆ ಬೇಡ. ಅದನ್ನು ನಕಲು ಮಾಡಿಕೊಂಡವರು ನಿಮಗಿಂತ ಮೊದಲು ಒಳಗೆ ಹೋಗಿಬಿಟ್ಟರೆ ಬಾಗಿಲಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕೇ?

ಸಾಲದು. ಹತ್ತಿ ಹೆಚ್ಚೇನೂ ತಡೆಯುವುದಿಲ್ಲ. 85 ಡೆಸಿಬಲ್‌ನಷ್ಟು ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು ಎಂಬುದು ಉದ್ಯೋಗ ಸುರಕ್ಷತೆಯ ಪರಿಣತರು ಅನುಸರಿಸುವ ಒಂದು ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಹೀಗೆ ಇಳಿಸುತ್ತ ಬಂದರೆ 100 ಡೆಸಿಬಲ್‌ಗೆ ಸಿಗುವುದು ಕೇವಲ ಹದಿನೈದು ನಿಮಿಷ. ದೊಡ್ಡ ಕಾರ್ಯಕ್ರಮಗಳಲ್ಲಿ ಸದ್ದು ಆ ಮಟ್ಟವನ್ನು ಮುಟ್ಟುವುದು, ದಾಟುವುದು ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮನರಂಜನೆಯ ಸ್ಥಳಗಳಿಗೆಂದು ಹೊರಡಿಸಿದ ಮಾನದಂಡದಲ್ಲಿ ಸರಾಸರಿ ಮಿತಿ 100 ಡೆಸಿಬಲ್ ಎಂದಿದೆ.

ಫೋಮಿನ ಇಯರ್‌ಪ್ಲಗ್‌ಗಳು ಅಗ್ಗವಾಗಿ ಸಿಗುತ್ತವೆ, ಚೆನ್ನಾಗಿಯೂ ತಡೆಯುತ್ತವೆ. ಆದರೆ ಅವು ತಾರ ಸದ್ದನ್ನು ಹೆಚ್ಚಾಗಿ ನುಂಗಿ ಮಂದ್ರವನ್ನು ಬಿಡುವುದರಿಂದ ಹಾಡು ಕಂಬಳಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್‌ಗಳು ಎಲ್ಲ ಸ್ಥಾಯಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ, ಪದಗಳು ಸ್ಪಷ್ಟವಾಗಿಯೇ ಉಳಿಯುತ್ತವೆ. ಮಕ್ಕಳನ್ನು ಕರೆದೊಯ್ಯುವವರು ಇಡೀ ಕಿವಿಯನ್ನು ಮುಚ್ಚುವ ಇಯರ್‌ಮಫ್ ಹಾಕದೆ ಕರೆದೊಯ್ಯಬಾರದು. ಅಭಿಮಾನಿಯ ಕಿವಿ ಹಾಡಿಗೆ ಎಷ್ಟು ಒಗ್ಗಿದ್ದರೂ ಕೆಟ್ಟ ಮೇಲೆ ಮರಳಿ ಬಾರದು.

ಚಪ್ಪಾಳೆಯನ್ನು ಯಾವ ಪೆಟ್ಟಿಗೆ ತಟ್ಟಬೇಕು?

ನಾಲ್ಕು ಎಣಿಕೆಯ ಪಾಪ್ ಹಾಡಿನಲ್ಲಿ ಚಟ್ ಎಂದು ಗಟ್ಟಿಯಾಗಿ ಕೇಳಿಸುವ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕನೇ ಎಣಿಕೆಗೆ. ಕೈಯೂ ಅಲ್ಲಿಯೇ ಬೀಳಲಿ. ಒಂದು ಮತ್ತು ಮೂರಕ್ಕೆ ತಟ್ಟಿದರೆ ತಪ್ಪೇನಿಲ್ಲ, ಪಕ್ಕದವರು ಮಾತ್ರ ಒಮ್ಮೆ ತಿರುಗಿ ನೋಡುತ್ತಾರೆ.

ಮೊಬೈಲಿನಲ್ಲಿ ಚಿತ್ರೀಕರಿಸುವುದು ಸರಿಯೇ?

ಆಯೋಜಕರು ಬೇಡವೆಂದಿದ್ದರೆ ಬೇಡ. ಅನುಮತಿಯಿದ್ದರೂ ಒಂದೆರಡು ನಿಮಿಷಕ್ಕೆ ನಿಲ್ಲಿಸುವುದು ಹಿಂದೆ ನಿಂತವರ ಮೇಲಿನ ದಯೆ. ಮೊಬೈಲಿನ ಪುಟ್ಟ ಮೈಕು ಅಷ್ಟು ಸದ್ದನ್ನು ತಾಳಲಾರದೆ ಮಂದ್ರವನ್ನೆಲ್ಲ ಗರಗರ ಮಾಡಿ, ಎಲ್ಲಕ್ಕಿಂತ ಸ್ಪಷ್ಟವಾಗಿ ನಿಮ್ಮದೇ ಅಪಸ್ವರವನ್ನು ಮುದ್ರಿಸಿಕೊಂಡಿರುತ್ತದೆ.

ಒಬ್ಬರೇ ಹೋದರೆ ಬೇಸರವಾಗುವುದಿಲ್ಲವೇ?

ಆಗುವುದಿಲ್ಲ. ಒಂದೇ ಹಾಡಿನ ಒಂದೇ ಸಾಲಿಗೆ ಕಾದಿರುವ ಅಪರಿಚಿತರ ನಡುವೆ ಮಾತು ಹುಟ್ಟಲು ಹೆಚ್ಚು ಹೊತ್ತು ಬೇಡ.

ಹಾಡು ಕೇಳುತ್ತ ಅಳು ಬಂದರೆ?

ನಾಚಿಕೊಳ್ಳಬೇಕಾಗಿಲ್ಲ, ಸುತ್ತ ನೋಡಿದರೆ ಜೊತೆಗಾರರು ಸಿಗುತ್ತಾರೆ. ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಲು ಕೇಳಿದರೆ ಸುಮಾರು ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳೇ ಹೆಚ್ಚಾಗಿ ಬರುತ್ತವೆ ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆ ವಯಸ್ಸಿನಲ್ಲಿ ಕೇಳಿದ ಹಾಡು ಆ ನೆನಪುಗಳ ಜೊತೆಗೇ ಗಂಟು ಬಿದ್ದಿರುತ್ತದೆ.

ನಮ್ಮ ಮನೆಯಲ್ಲಿದ್ದದ್ದು 60 ನಿಮಿಷದ ಕ್ಯಾಸೆಟ್. ಒಂದು ಮಗ್ಗುಲಿಗೆ ಅರ್ಧ ಗಂಟೆ. ಅಕ್ಕ ರೇಡಿಯೋದಿಂದ ಅದಕ್ಕೆ ಇಳಿಸಿಕೊಂಡಿದ್ದ ಕೊನೆಯ ಹಾಡು, ಪಲ್ಲವಿ ಮೂರನೇ ಸಲ ಬರುವಾಗ ಟೇಪು ಮುಗಿದು ಟಕ್ ಎಂದು ನಿಂತುಬಿಡುತ್ತಿತ್ತು. ಆ ಹಾಡಿಗೆ ಅದೇ ಮುಕ್ತಾಯವೆಂದು ನಾನು ಎಷ್ಟೋ ವರ್ಷ ನಂಬಿದ್ದೆ. ಆಮೇಲೆ ಪೂರ್ತಿ ರೆಕಾರ್ಡು ಕೇಳಿದಾಗ, ಪಲ್ಲವಿಯನ್ನು ಮತ್ತೆ ಮತ್ತೆ ಹಾಡುತ್ತ ಸದ್ದು ಮೆಲ್ಲಗೆ ಇಳಿದು ಮಾಯವಾಗುತ್ತದೆಂದು ತಿಳಿಯಿತು. ಆ ಕಾಲದ ಅನೇಕ ಪಾಪ್ ಹಾಡುಗಳು ಮುಗಿಯುವುದು ಹಾಗೆಯೇ. ವೇದಿಕೆಯ ಮೇಲೆ ಹೀಗೆ ಮಾಯವಾಗಲು ಬರುವುದಿಲ್ಲ. ತಂಡವೇ ಒಂದು ಮುಕ್ತಾಯವನ್ನು ಕಟ್ಟಬೇಕಾಗುತ್ತದೆ. ಆ ಸಂಜೆ ಡ್ರಮ್ಮರ್ ಗತಿಯನ್ನು ನಿಧಾನಗೊಳಿಸುತ್ತ ಬಂದರು, ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿದರು, ಗಿಟಾರ್ ವಾದಕ ಕೈಯೆತ್ತಿ ಇಳಿಸಿದೊಡನೆ ಎಲ್ಲ ಒಂದೇ ಪೆಟ್ಟಿಗೆ ನಿಂತಿತು. ನಮ್ಮ ಮಟ್ಟಿಗೆ ಆ ಹಾಡು ಮುಗಿದದ್ದು ಅದೇ ಮೊದಲು.

ತಂಡ ವೇದಿಕೆ ಬಿಟ್ಟು ಹೋದರೆ ಕಾರ್ಯಕ್ರಮ ಮುಗಿದಂತೆಯೇ?

ಸಭಾಂಗಣದ ದೀಪಗಳು ಹತ್ತಿವೆಯೇ ಎಂದು ನೋಡಿ. ಕತ್ತಲೆ ಹಾಗೆಯೇ ಇದ್ದು, ವಾದ್ಯಗಳನ್ನು ಯಾರೂ ಮುಟ್ಟದಿದ್ದರೆ ಅವರು ಮರಳಿ ಬರುತ್ತಾರೆ. ಜನ ‘ಒನ್ಸ್ ಮೋರ್’ ಎಂದು ಕೂಗಿದ್ದರಿಂದ ಬಂದೆವು ಎನ್ನುವ ಆ ಎರಡು ಮೂರು ಹಾಡುಗಳು ಮೊದಲಿನಿಂದಲೂ ಪಟ್ಟಿಯಲ್ಲಿ ಇದ್ದವೇ. ದೀಪ ಹತ್ತಿ, ಸ್ಪೀಕರಿನಲ್ಲಿ ಬೇರೆ ಯಾರದೋ ರೆಕಾರ್ಡು ಶುರುವಾದರೆ ಮನೆಗೆ ಹೊರಡಬಹುದು.

‘ಕೊನೆಯ ಪ್ರವಾಸ’ ಎಂದು ಪ್ರಕಟಿಸಿದರೆ ನಂಬಬಹುದೇ?

ಪೂರ್ತಿ ನಂಬುವುದು ಕಷ್ಟ. ರಾಕ್ ತಂಡ ಕಿಸ್ 2000ದಲ್ಲಿ ವಿದಾಯದ ಪ್ರವಾಸ ಹೊರಟು, ಮತ್ತೆ ಮರಳಿ, 2019ರಲ್ಲಿ ಎರಡನೆಯ ವಿದಾಯ ಆರಂಭಿಸಿ, ಅದನ್ನು ಮುಗಿಸಿದ್ದು 2023ರ ಡಿಸೆಂಬರಿನಲ್ಲಿ. ಆಬಾ ತಂಡದ್ದು ಇನ್ನೂ ವಿಚಿತ್ರ: 1980ರಲ್ಲಿ ಪ್ರವಾಸ ನಿಲ್ಲಿಸಿದ ಆ ನಾಲ್ವರು 2022ರ ಮೇ 27ರಿಂದ ಲಂಡನ್ನಿನಲ್ಲಿ ತಮ್ಮ ಎಳೆಯ ವಯಸ್ಸಿನ ಡಿಜಿಟಲ್ ರೂಪದಲ್ಲಿ ಹಾಡುತ್ತಿದ್ದಾರೆ. ಅದಕ್ಕಾಗಿ 160 ಕ್ಯಾಮೆರಾಗಳ ಮುಂದೆ ಐದು ವಾರ ಅವರ ಚಲನವಲನವನ್ನು ದಾಖಲಿಸಿಕೊಳ್ಳಲಾಯಿತು. ವಾದ್ಯಗಳನ್ನು ನುಡಿಸುವವರು ಮಾತ್ರ ಜೀವಂತ ಕಲಾವಿದರು. ಅದನ್ನು ನೋಡಿ ಬಂದವರು ಮೆಚ್ಚಿ ಹೇಳುತ್ತಾರೆ, ಅಲ್ಲಗಳೆಯುವುದಿಲ್ಲ. ನನಗೆ ಬೇಕಾದದ್ದು ಮಾತ್ರ ಕನ್ನಡಕ ಇಳಿಸಿ ಏರಿಸುವ ಮನುಷ್ಯ. ಸಾಧ್ಯವಿದ್ದರೆ ಈ ಸಲವೇ ಹೋಗಿ. ವಿದಾಯ ಸುಳ್ಳಾಗಬಹುದು, ವಯಸ್ಸು ಸುಳ್ಳಾಗುವುದಿಲ್ಲ.

ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ ಏನು ಮಾಡಬೇಕು?

ಅತಿ ಸದ್ದಿಗೆ ಒಳಕಿವಿಯ ಸೂಕ್ಷ್ಮ ಕೋಶಗಳು ದಣಿದಿರುವುದರ ಗುರುತು ಅದು. ಸಾಮಾನ್ಯವಾಗಿ ಒಂದೆರಡು ದಿನದೊಳಗೆ ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಕಿವಿಗೆ ಬಿಡುವು ಕೊಡಿ. ಇಳಿಯದಿದ್ದರೆ, ಅಥವಾ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ತಡಮಾಡದೆ ಕಿವಿಯ ವೈದ್ಯರನ್ನು ಕಾಣಬೇಕು.

ಮರುದಿನ ರೆಕಾರ್ಡು ಕೇಳಿದಾಗ ಅದೇ ಹಾಡು ಬೇರೆಯಾಗಿ ಕೇಳುವುದೇಕೆ?

ಹಿಂದಿನ ರಾತ್ರಿ ಇಳಿದ ಶ್ರುತಿಯಲ್ಲಿ ಕೇಳಿದ್ದರಿಂದ ರೆಕಾರ್ಡು ಎತ್ತರದಲ್ಲಿ, ಅವಸರದಲ್ಲಿ ಇದ್ದಂತೆ ಕೇಳುತ್ತದೆ. ನನಗೂ ಹಾಗೆಯೇ ಆಯಿತು. ಮೊಬೈಲಿನಲ್ಲಿ ಹಾಡು ಹಾಕಿ, ಇದೇಕೆ ಇಷ್ಟು ಕೀರಲಾಗಿದೆ ಎಂದೆ. ಅಕ್ಕ ಏನೂ ಹೇಳದೆ ಒಳಗೆ ಹೋಗಿ ಅಟ್ಟದ ಮೇಲಿದ್ದ ಟೇಪ್ ರೆಕಾರ್ಡರನ್ನು ಇಳಿಸಿ ತಂದಳು. ಅದರೊಳಗಿನ ರಬ್ಬರ್ ಬೆಲ್ಟು ನಾವು ಶಾಲೆಗೆ ಹೋಗುವಾಗಲೇ ಸಡಿಲವಾಗಿತ್ತು. ಬೆಲ್ಟು ಸಡಿಲವಾದರೆ ಟೇಪು ನಿಧಾನವಾಗಿ ಓಡುತ್ತದೆ, ನಿಧಾನವಾಗಿ ಓಡಿದರೆ ಶ್ರುತಿಯೂ ಇಳಿಯುತ್ತದೆ. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಾಗ ಗಾಯಕನ ಹರೆಯದ ದನಿ ಭಾರವಾಗಿ, ಗಾಢವಾಗಿ, ಹಿಂದಿನ ರಾತ್ರಿ ಕೇಳಿದ್ದಕ್ಕೆ ತೀರ ಹತ್ತಿರವಾಗಿ ಹೊರಬಂತು.

“ನೋಡು, ನಿನ್ನೆ ಹಾಡಿದ್ದು ಇದನ್ನೇ” ಎಂದಳು ಅಕ್ಕ. ಮೂರನೇ ಪಲ್ಲವಿಯ ನಡುವೆ ಟೇಪು ಟಕ್ ಎಂದು ನಿಂತಿತು.